ಒಂದೇ ಮರಿ

"ಅಲುಗಾಡಬೇಡಿ, ಈಗ ಆಚೆ ಬರುತ್ತೆ" ಎಂದ ಮಧ್ವೇಶ್.

ನೀಲಾಂಬಿಕಾ ಉಸಿರು ಬಿಗಿಹಿಡಿದು ಜಾಲರಿಯ ಹತ್ತಿರ ಮುಖ ತಂದರು. ಪಕ್ಕದಲ್ಲಿ ಕೃಷ್ಣಪ್ಪನವರು ದೇವಸ್ಥಾನಕ್ಕೆ ಬಂದವರ ಹಾಗೆ ಕೈಕಟ್ಟಿ ನಿಂತಿದ್ದರು. ಗೂಡಿನೊಳಗಿನ ಮಾವಿನ ಕೊಂಬೆಯ ಪೊಟರೆಯಿಂದ ಮೊದಲು ತಾಯಿಯ ಅಗಲವಾದ ತಲೆ ಕಾಣಿಸಿತು. ಅದು ಒಂದೊಂದೇ ಕಾಲನ್ನು ಯೋಚಿಸಿ ಇಡುವಂತೆ ಇಡುತ್ತ ಪೂರ್ತಿ ಹೊರಗೆ ಬಂದಾಗ ಬೆನ್ನ ಮೇಲೆ ಮರಿ ಕುಳಿತಿತ್ತು. ಬಲಿಯದ ಹುಣಸೆಕಾಯಿಯ ಬೂದುಹಸಿರು ಬಣ್ಣ. ಬಾಲವನ್ನು ತಾಯಿಯ ಸೊಂಟಕ್ಕೆ ಒಂದು ಸುತ್ತು ಸುತ್ತಿಕೊಂಡಿತ್ತು.

ಮಲ್ಲತ್ತಹಳ್ಳಿಯ ಕೆರೆ ಕಾಣುವ ಆ ಮನೆಯ ಮಹಡಿಯಲ್ಲಿ ಮಧ್ವೇಶ್ ಹತ್ತಾರು ಬಗೆಯ ಹಲ್ಲಿ, ಆಮೆಗಳನ್ನು ಸಾಕಿದ್ದ. ಎಲ್ಲಕ್ಕೂ ಸರಿಯಾದ ಕಾಗದಪತ್ರವಿತ್ತು. ಉಳಿದವು ಮೇಲಿಂದ ಮೇಲೆ ಮೊಟ್ಟೆಯಿಟ್ಟು ಅವನ ಸಂಸಾರ ನಡೆಸುತ್ತಿದ್ದವು. ಈ ಗಂಡು ಹೆಣ್ಣಿನ ಜೋಡಿ ಮಾತ್ರ ಹಾಗಲ್ಲ. ಯಾವುದೋ ದೂರದ ದ್ವೀಪದ ಮೂಲದ ಈ ಹಾವುರಾಣಿ ಮಂಗನಂತೆ ಬಾಲದಿಂದ ಕೊಂಬೆ ಹಿಡಿದು ನೇತಾಡುತ್ತಿತ್ತು, ಬರೀ ಸೊಪ್ಪು ಹೂವು ತಿನ್ನುತ್ತಿತ್ತು, ಮೊಟ್ಟೆಯಿಡದೆ ನೇರ ಮರಿಯನ್ನೇ ಹಾಕುತ್ತಿತ್ತು. ಹಾಕಿದರೆ ಒಂದೇ. ಹೋದ ಸಲದ್ದು ಸತ್ತೇ ಹುಟ್ಟಿತ್ತು. ಅದಕ್ಕೆ ಮೊದಲು ಎರಡು ವರ್ಷ ಏನೂ ಇರಲಿಲ್ಲ.

ಮರಿ ತಾಯಿಯನ್ನು ಬಿಟ್ಟು ತಾನೇ ತಿನ್ನುವಂತಾದ ಮೇಲೆ ಕೊಡುತ್ತೇನೆ ಎಂದು ಮಧ್ವೇಶ್ ಹೇಳಿದ. ಯಾರಿಗೆ ಎಂದು ಹೇಳಲಿಲ್ಲ. ಕಾಯುತ್ತಿದ್ದ ಇಬ್ಬರೂ ಅಲ್ಲೇ ನಿಂತಿದ್ದರು, ಇಬ್ಬರೂ ಕೇಳಲಿಲ್ಲ.

ನೀಲಾಂಬಿಕಾ ಕಾಲೇಜೊಂದರ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಬಸವೇಶ್ವರನಗರದಲ್ಲಿ ಒಬ್ಬರೇ ಇದ್ದರು. ತಮ್ಮ ತಂಗಿಯರನ್ನು ಓದಿಸಿ, ಮದುವೆ ಮಾಡಿ, ತಮ್ಮದನ್ನು ಮಾಡಿಕೊಳ್ಳದೆ ಉಳಿದವರು. ಕಾಲೇಜಿನ ವಸ್ತುಪ್ರದರ್ಶನಕ್ಕೆ ಮಧ್ವೇಶ್ ತಂದಿದ್ದ ಹಾವುರಾಣಿ ದಾಸವಾಳದ ಹೂವೊಂದನ್ನು ಎಸಳೆಸಳಾಗಿ ತಿನ್ನುವುದನ್ನು ನೋಡುತ್ತ ನಿಂತು ಅವರು ಮನೆಗೆ ಹೋಗುವ ಬಸ್ಸು ತಪ್ಪಿಸಿಕೊಂಡಿದ್ದರು. ಅಂದಿನಿಂದ ಪ್ರತಿ ಭಾನುವಾರ ಮಲ್ಲತ್ತಹಳ್ಳಿಗೆ ಬರುವುದು ಶುರುವಾಯಿತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಈ ವಯಸ್ಸಿನಲ್ಲಿ ಹಲ್ಲಿ ಸಾಕುವ ಆಸೆ ಎಂದರೆ ಕಚೇರಿಯವರು ನಗುತ್ತಾರೆ. ಬೆಲೆ ಒಂದು ಹೊಸ ಸ್ಕೂಟರಿನಷ್ಟು. ಅದಕ್ಕಾಗಿ ಕೂಡಿಡುತ್ತಿದ್ದಾಗ ದಾವಣಗೆರೆಯ ತಂಗಿ ಬಸವರಾಜೇಶ್ವರಿ, ಈ ಸಲ ಯಾಕೆ ಹಬ್ಬಕ್ಕೆ ಸೀರೆ ಕಳಿಸಲಿಲ್ಲ ಎಂದು ಫೋನಿನಲ್ಲಿ ಕೇಳಿದಳು. ಕೇದಾರಕ್ಕೆ ಹೋಗಬೇಕು ಎಂದು ನೀಲಾಂಬಿಕಾ ಬಾಯಿಗೆ ಬಂದದ್ದು ಹೇಳಿದರು. ಹೋಗಿ ಬಾರಕ್ಕ, ನೀನೂ ಯಾವಾಗ ನೋಡಬೇಕು ಎಂದು ಆಕೆ ಮನಸ್ಸು ತುಂಬಿ ಹೇಳಿದ್ದು ಎಷ್ಟೋ ದಿನ ಕಿವಿಯಲ್ಲಿ ಉಳಿದಿತ್ತು.

ಕೃಷ್ಣಪ್ಪನವರು ಉಲ್ಲಾಳದವರು. ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆಯ ಮನೆಗಳಿದ್ದವು. ಉಳಿದ ಒಂದಿಷ್ಟು ಜಾಗದಲ್ಲಿ ಕುಂಬಳದ ಬಳ್ಳಿ ಹಬ್ಬಿಸಿ, ಅದರ ಎಳೆಕುಡಿಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿಕೊಂಡು ಪ್ರತಿ ವಾರ ತರುತ್ತಿದ್ದರು. ಹಿಂದಿರುಗುವಾಗ ಅವರೇ ತಮ್ಮ ಕಾರಿನಲ್ಲಿ ನೀಲಾಂಬಿಕಾ ಅವರನ್ನು ನಾಗರಭಾವಿ ಸರ್ಕಲ್ಲಿನವರೆಗೂ ಬಿಡುತ್ತಿದ್ದರು. ದಾರಿಯಲ್ಲಿ ಮಾತು ಕಡಿಮೆ. ಒಮ್ಮೆ ಮಾತ್ರ, ಮರಿ ನಿಮಗೆ ಸಿಕ್ಕಿದರೂ ನನಗೆ ಸಿಕ್ಕಿದ ಹಾಗೆಯೇ, ಆಗಾಗ ಬಂದು ನೋಡುತ್ತೇನೆ ಎಂದಿದ್ದರು. ನೀಲಾಂಬಿಕಾ ಕಿಟಕಿಯಾಚೆ ನೋಡುತ್ತ ಹೂಂ ಎಂದಿದ್ದರು.

ಮರಿ ತಾಯಿಯ ಬೆನ್ನಿನಿಂದ ಇಳಿದು ತಾನೇ ಎಲೆ ಕಚ್ಚಲು ಕಲಿತ ಹೊತ್ತಿಗೆ ಕೃಷ್ಣಪ್ಪನವರು ನೀಲಾಂಬಿಕಾ ಅವರನ್ನು ಒಂದು ಭಾನುವಾರ ತಮ್ಮ ಮನೆಗೆ ಕರೆದುಕೊಂಡು ಹೋದರು. ಗೇಟು ತೆಗೆದೊಡನೆ ಎರಡು ನಾಯಿ ಬಂದು ಕಾಲಿಗೆ ತೊಡರಿದವು. ತೀರಿಹೋದ ಹೆಂಡತಿ ಸಾಕಿದವು ಎಂದರು. ಒಳಗಿನಿಂದ ಮಸಾಲೆ ಹುರಿದ ವಾಸನೆ, ಅದರ ಹಿಂದೆ ಮಾಂಸ ಬೇಯುವ ವಾಸನೆ ಬರುತ್ತಿತ್ತು. ನೀಲಾಂಬಿಕಾ ತಮಗರಿವಿಲ್ಲದೆ ಸೆರಗನ್ನು ಮೂಗಿನ ಹತ್ತಿರ ತಂದುಕೊಂಡರು. ಸೊಸೆ ಕೀರ್ತನಾ ಅದನ್ನು ಕಂಡಿರಬೇಕು. ಏನೂ ಹೇಳದೆ ಅಡುಗೆಮನೆಯ ಬಾಗಿಲು ಎಳೆದುಕೊಂಡಳು. ಆಮೇಲೆ ಎಳನೀರು ಕೊಚ್ಚಿಸಿ ತಂದುಕೊಟ್ಟು, ಅತ್ತೆ ಹೋದ ಮೇಲೆ ಮಾವ ಮಾತೇ ಬಿಟ್ಟಿದ್ದರು, ಈ ಮಲ್ಲತ್ತಹಳ್ಳಿ ಶುರುವಾದ ಮೇಲೆ ಭಾನುವಾರ ಗಡ್ಡವಾದರೂ ಮಾಡಿಕೊಳ್ಳುತ್ತಾರೆ ಎಂದು ತಗ್ಗಿದ ದನಿಯಲ್ಲಿ ಹೇಳಿದಳು.

ಕೃಷ್ಣಪ್ಪನವರು ಮಹಡಿಯ ಮೇಲಿನ ಕೋಣೆಯ ಬೀಗ ತೆಗೆದರು. ಬೆಳಗಿನ ಬಿಸಿಲು ಬೀಳಲೆಂದು ಪೂರ್ವದ ಗೋಡೆ ಒಡೆಸಿ ಕಿಟಕಿ ಮಾಡಿಸಿದ್ದರು. ಸೂರಿನವರೆಗೆ ಎದ್ದು ನಿಂತ ತೇಗದ ಗೂಡು, ಎರಡೂ ಕಡೆ ಸಣ್ಣ ಜಾಲರಿ. ಒಳಗೆ ಗಾಳಿಗೆ ಬಿದ್ದಿದ್ದ ಹೊಂಗೆಮರದ ಕೊಂಬೆಗಳನ್ನು ತಂದು, ಮರ ಬೆಳೆದಂತೆಯೇ ಜೋಡಿಸಿದ್ದರು. ಎಣ್ಣೆಡಬ್ಬಗಳಲ್ಲಿ ನೆಟ್ಟ ಮನಿಪ್ಲಾಂಟು ಕೆಳಗಿನಿಂದ ಹತ್ತಿ ಕೊಂಬೆಗಳನ್ನೆಲ್ಲ ಮುಚ್ಚಿತ್ತು. ನಾಯಿಗಳು ಮೆಟ್ಟಿಲು ಹತ್ತದಂತೆ ಕೆಳಗೊಂದು ಕಬ್ಬಿಣದ ಬಾಗಿಲೂ ಇತ್ತು. ನೀಲಾಂಬಿಕಾ ಗೂಡಿನ ಸುತ್ತ ಒಂದು ಸುತ್ತು ಬಂದರು, ಕೊಂಬೆಯ ಮೇಲೆ ಕೈಯಾಡಿಸಿದರು. ಎಲ್ಲೂ ಒಂದು ಸಿಬಿರು ತಾಗಲಿಲ್ಲ. ತಾವು ಮನೆಯಲ್ಲಿ ಟಿವಿ ಸ್ಟ್ಯಾಂಡಿನ ಮೇಲೆ ತಂದಿಟ್ಟುಕೊಂಡಿದ್ದ ಗಾಜಿನ ಡಬ್ಬಿ ನೆನಪಾಯಿತು. ಚೆನ್ನಾಗಿದೆ ಎಂಬ ಒಂದು ಮಾತು ಹೇಳಲು ಅವರಿಗೆ ಬಹಳ ಕಷ್ಟವಾಯಿತು.

ಆ ವಾರವೇ ಮಧ್ವೇಶ್ ಫೋನ್ ಮಾಡಿದ. ತಾನೇ ಇಬ್ಬರ ಮನೆಗೂ ಬಂದು ನೋಡಬೇಕೆಂದಿದ್ದನಂತೆ. ತನ್ನ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದರಿಂದ ಆಗಿರಲಿಲ್ಲ.

"ಕೃಷ್ಣಪ್ಪನವರ ಮನೆಗೆ ನೀವು ಹೋಗಿದ್ರಂತಲ್ಲ ಮೇಡಂ, ಹೇಗಿದೆ?"

"ಮನೆ ದೊಡ್ಡದೇ" ಎಂದರು ನೀಲಾಂಬಿಕಾ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಎರಡು ನಾಯಿ ಇವೆ, ಕಾಲಿಗೆ ಕಾಲಿಗೆ ಬರ್ತವೆ. ಬಾಡಿಗೆಯವರು, ಅವರು ಇವರು ಅಂತ ಜನ ಬೇರೆ. ಮತ್ತೆ, ನಾನು ಹೇಳಬಾರದು... ನಾನ್‌ವೆಜ್ ಮಾಡೋ ಮನೆ. ಆ ಹೊಗೆ, ವಾಸನೆ... ಸೊಪ್ಪು ತಿನ್ನೋ ಪ್ರಾಣಿ ಅಲ್ವಾ ಪಾಪ."

ಮಧ್ವೇಶನ ಮನೆಯ ಹಿಂದಿನ ಬಾಲ್ಕನಿಯಲ್ಲಿ ತಾಯಿಯ ಮಡಿಸೀರೆ ಒಣಗುತ್ತಿದ್ದುದನ್ನು ನೀಲಾಂಬಿಕಾ ಎಷ್ಟೋ ಸಲ ನೋಡಿದ್ದರು. ಯಾವ ಮಾತು ಎಲ್ಲಿ ತಾಗುತ್ತದೆಂದು ಅವರಿಗೆ ಗೊತ್ತಿತ್ತು.

"ಗೂಡಿಗೆ ಅಂತ ಮೇಲೆ ಒಂದು ರೂಮೇ ಮಾಡ್ಸಿದೀನಿ ಅಂದಿದ್ರು?"

"ರೂಮೊಂದಿದೆ. ನಾನು ಸರಿಯಾಗಿ ನೋಡಲಿಲ್ಲ."

ಫೋನಿಟ್ಟ ಮೇಲೆ ಕೈಯಲ್ಲಿದ್ದ ಅವರೆಕಾಯಿ ಸುಲಿಯುವುದನ್ನು ಮುಂದುವರಿಸಿದರು. ಹೇಳಿದ್ದರಲ್ಲಿ ಸುಳ್ಳೇನಿತ್ತು, ನಾಯಿ ಇರುವುದು ನಿಜ, ವಾಸನೆ ಬಂದದ್ದೂ ನಿಜ ಎಂದುಕೊಂಡರು. ಕೊನೆಯ ಮಾತಿಗೆ ಬಂದಾಗ ಮನಸ್ಸು ಪಕ್ಕಕ್ಕೆ ಸರಿಯುತ್ತಿತ್ತು.

ಮರಿ ಅವರಿಗೇ ಸಿಕ್ಕಿತು. ತರಲು ಹೋದ ದಿನ ಕೃಷ್ಣಪ್ಪನವರು ಬಂದಿರಲಿಲ್ಲ. ಅವರಿಗೆ ಹೇಳಿದೆ, ಬೇಜಾರೇನೂ ಮಾಡಿಕೊಳ್ಳಲಿಲ್ಲ ಎಂದು ಮಧ್ವೇಶ್ ತಾನಾಗಿಯೇ ಹೇಳಿದ. ಏನು ಹೇಳಿದೆ ಎಂದು ಕೇಳುವ ಧೈರ್ಯವಾಗಲಿಲ್ಲ. ತೂತು ಕೊರೆದ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬರುವಾಗ ಒಳಗಿನ ಸಣ್ಣ ಉಗುರುಗಳ ಸದ್ದು ಅಂಗೈಗೆ ತಿಳಿಯುತ್ತಿತ್ತು. ಇಷ್ಟು ವರ್ಷಗಳಲ್ಲಿ ತನಗೇ ಅಂತ ತಂದುಕೊಂಡದ್ದು ಇದೊಂದೇ ಎಂದುಕೊಂಡರು. ಆದರೂ ಎದುರುಮನೆಯವರು ಬಾಗಿಲಲ್ಲಿ ನಿಂತಿದ್ದನ್ನು ನೋಡಿ ಪೆಟ್ಟಿಗೆಯ ಮೇಲೆ ಸೆರಗು ಮುಚ್ಚಿ ಒಳಗೆ ನಡೆದರು.

ಮರಿ ತಿನ್ನಲಿಲ್ಲ. ಗಾಜಿನ ಡಬ್ಬಿಯ ಮೂಲೆಯಲ್ಲಿ ತಲೆ ಮೇಲೆತ್ತಿ, ಇಲ್ಲದ ಕೊಂಬೆಯನ್ನು ಹಿಡಿಯಲು ಹೋಗಿ ಜಾರಿ ಬೀಳುತ್ತಿತ್ತು. ದಾಸವಾಳ ಇಟ್ಟರು, ಮನಿಪ್ಲಾಂಟಿನ ಎಳೆ ಎಲೆ ಇಟ್ಟರು. ಎಲ್ಲ ಅಲ್ಲೇ ಬಾಡಿದವು. ಹೊಟ್ಟೆಯ ಪಕ್ಕದ ಚರ್ಮ ಸುಕ್ಕುಗಟ್ಟತೊಡಗಿದಾಗ ಹೆದರಿ ಮಧ್ವೇಶನಿಗೆ ವಿಡಿಯೋ ಕಳಿಸಿದರು. ಇದು ಎತ್ತರಕ್ಕೆ ಹತ್ತುವ ಪ್ರಾಣಿ, ಈ ಡಬ್ಬಿಯಲ್ಲಿ ಬದುಕುವುದಿಲ್ಲ, ಆವತ್ತೇ ನಾನು ಬಂದು ನೋಡಬೇಕಿತ್ತು ಎಂದು ಅವನು ಬೇಸರದಿಂದಲೇ ಹೇಳಿದ. ಆಮೇಲೆ, ಏನಾದರೂ ಮಾಡುತ್ತೇನೆ ಎಂದ.

ಮಾರನೆಯ ದಿನ ಫೋನ್ ಮಾಡಿದವರು ಕೃಷ್ಣಪ್ಪನವರು. ಗೂಡು ಸುಮ್ಮನೆ ನಿಂತಿದೆ, ತಂದು ಕೊಡುತ್ತೇನೆ, ಸೋಮವಾರ ಮನೆಯಲ್ಲಿರುತ್ತೀರಾ ಎಂದು ಕೇಳಿದರು. ನಾಳೆ ಭಾನುವಾರವೇ ಬನ್ನಿ, ನನಗೂ ರಜ ಎಂದರು ನೀಲಾಂಬಿಕಾ. ಬೇಡ, ಸೋಮವಾರವೇ ಆಗಲಿ ಎಂದರು ಅವರು.

ಸೋಮವಾರ ನೀಲಾಂಬಿಕಾ ಕಚೇರಿಗೆ ರಜ ಹಾಕಿ ಕಾದರು, ಟೆಂಪೋ ಬಂತು. ಗೂಡನ್ನು ಎರಡು ಭಾಗ ಮಾಡಿಸಿ, ಕೊಂಬೆಗಳಿಗೆ ಗೋಣಿ ಸುತ್ತಿ ತಂದಿದ್ದರು. ಆಳುಗಳು ಅದನ್ನು ಒಳಗಿಟ್ಟು ಹೋದರು. ಕೃಷ್ಣಪ್ಪನವರು ಮಾತ್ರ ಗೇಟಿನ ಹತ್ತಿರವೇ ನಿಂತಿದ್ದರು. ಒಳಗೆ ಬನ್ನಿ ಎಂದು ನೀಲಾಂಬಿಕಾ ಎರಡು ಸಲ ಕರೆದರು.

"ಇವತ್ತು ಸೋಮ್ವಾರ ಮೇಡಂ" ಎಂದರು ಅವರು ಚಪ್ಪಲಿ ಬಿಡುತ್ತ. "ನಮ್ಮನೇಲೂ ಏನೂ ಮಾಡಲ್ಲ. ಅದಕ್ಕೇ ಇವತ್ತು ಬಂದೆ."

ನೀಲಾಂಬಿಕಾ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮಧ್ವೇಶ್ ಒಂದು ಮಾತೂ ಬಿಡದೆ ಹೇಳಿದ್ದಾನೆ ಎಂದು ಆ ಕ್ಷಣಕ್ಕೆ ತಿಳಿಯಿತು. ಕಿವಿ, ಕತ್ತು, ಕೆನ್ನೆ ಬಿಸಿಯಾದವು. ಕೃಷ್ಣಪ್ಪನವರು ಅವರ ಮುಖ ನೋಡಲಿಲ್ಲ. ನೆಲದ ಮೇಲೆ ಕುಳಿತು ಬೋಲ್ಟುಗಳನ್ನು ಒಂದೊಂದಾಗಿ ತಿರುಗಿಸತೊಡಗಿದರು. ಹಾಗೆ ತಿರುಗಿಸುತ್ತಲೇ ಸುದ್ದಿ ಹೇಳುವವರಂತೆ ಹೇಳಿದರು:

"ನಾಯಿ ಎರಡನ್ನೂ ತಾವರೆಕೆರೆಗೆ, ತಂಗಿ ಮನೆಗೆ ಬಿಟ್ ಬಂದೆ. ಮುಂದಿನ್ ಮರಿ ನಂಗೇ ಅಂದವ್ರೆ ಮಧ್ವೇಶಪ್ಪ. ಅದ್ ಯಾವಾಗ ಹಾಕ್ತದೋ. ನಂಗೂ ವಯಸ್ಸಾಯ್ತಲ್ಲ."

ಗೂಡು ನಿಂತ ಮೇಲೆ ನೀಲಾಂಬಿಕಾ ಮರಿಯನ್ನು ಎರಡೂ ಕೈಯಲ್ಲಿ ತಂದು ಕೆಳಗಿನ ಕೊಂಬೆಗೆ ಬಿಟ್ಟರು. ಅದು ತುಸು ಹೊತ್ತು ಸುಮ್ಮನೆ ಅಂಟಿಕೊಂಡಿತ್ತು. ಆಮೇಲೆ ಮುಂಗಾಲು ಚಾಚಿ ಹತ್ತಿತು, ನಿಂತಿತು, ಮತ್ತೆ ಹತ್ತಿತು. ಸೂರಿನ ಹತ್ತಿರದ ಕೊಂಬೆಗೆ ಬಾಲ ಸುತ್ತಿಕೊಂಡು ಕಣ್ಣು ಮುಚ್ಚಿತು. ಕೃಷ್ಣಪ್ಪನವರ ಮುಖದಲ್ಲಿ ನಗು ಬಂದು, ಅವರು ಅದನ್ನು ಟವೆಲಿನಿಂದ ಒರೆಸಿಕೊಂಡರು.

"ಆ ರೂಮು ನಾನು ನೋಡಿದ್ದೆ ಕೃಷ್ಣಪ್ಪನವರೇ" ಎಂದರು ನೀಲಾಂಬಿಕಾ. ದನಿ ತಮ್ಮದಲ್ಲ ಎನಿಸಿತು. "ಚೆನ್ನಾಗಿ ನೋಡಿದ್ದೆ."

"ಗೊತ್ತು ಮೇಡಂ. ನಾನೇ ಬೀಗ ತೆಗ್ದು ತೋರ್ಸಿದ್ನಲ್ಲ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಉತ್ತರ ಕೊಡಬಹುದಿತ್ತು. ಮರಿಯನ್ನು ನೀವೇ ಕರೆದುಕೊಂಡು ಹೋಗಿ ಎಂಬ ಮಾತು ನೀಲಾಂಬಿಕಾ ಅವರ ಗಂಟಲವರೆಗೆ ಬಂತು. ಅವರು ತಲೆಯೆತ್ತಿ ನೋಡಿದರು. ಮರಿ ಕಣ್ಣು ತೆರೆದು, ಪಕ್ಕದ ಎಲೆಯ ಅಂಚನ್ನು ಮೆಲ್ಲಗೆ ಕಚ್ಚಿತು, ಇನ್ನೊಮ್ಮೆ ಕಚ್ಚಿತು. ಮಾತು ಬಂದಲ್ಲೇ ನಿಂತಿತು.

"ಕಾಫಿ ತರ್ತೀನಿ, ಕೂತ್ಕೊಳ್ಳಿ" ಎಂದು ಒಳಗೆ ಹೋದರು.

ಹೊಸ ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಮನೆಯಲ್ಲಿದ್ದ ದೊಡ್ಡ ಸ್ಟೀಲ್ ಲೋಟದಲ್ಲಿ ತುಂಬಿಸಿಕೊಂಡು ಬರುವಷ್ಟರಲ್ಲಿ ಕೃಷ್ಣಪ್ಪನವರು ಚಪ್ಪಲಿ ಮೆಟ್ಟಿ ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದರು. ಇಲ್ಲೇ ಗಾಳಿ ಚೆನ್ನಾಗಿದೆ ಎಂದರು. ಎರಡೂ ಕೈಯಲ್ಲಿ ಲೋಟ ಹಿಡಿದು, ಊದಿ ಊದಿ, ತಳದವರೆಗೂ ಕುಡಿದರು. ಬಹಳ ಚೆನ್ನಾಗಿತ್ತು ಎಂದರು. ನೀಲಾಂಬಿಕಾ ಕೈ ಚಾಚಿದರು. ಅವರು ಅದನ್ನು ನೋಡದವರಂತೆ ಎದ್ದು ಗೇಟಿನ ಪಕ್ಕದ ನಲ್ಲಿಯ ಹತ್ತಿರ ಹೋಗಿ ಬಗ್ಗಿದರು. ಲೋಟವನ್ನು ಒಳಗೂ ಹೊರಗೂ ಬೆರಳಾಡಿಸಿ ತೊಳೆದು ಕಾಂಪೌಂಡಿನ ಗೋಡೆಯ ಮೇಲೆ ಬೋರಲು ಹಾಕಿದರು. ಬರ್ತೀನಿ ಮೇಡಂ ಎಂದು ಗೇಟು ಸದ್ದಾಗದಂತೆ ಎಳೆದುಕೊಂಡು ಹೋದರು.

ಟೆಂಪೋ ತಿರುವಿನಲ್ಲಿ ಮರೆಯಾದ ಮೇಲೂ ನೀಲಾಂಬಿಕಾ ಮೆಟ್ಟಿಲ ಮೇಲೇ ನಿಂತಿದ್ದರು. ಲೋಟದ ಅಂಚಿನಿಂದ ಇಳಿದ ನೀರು ಗೋಡೆಯ ಸುಣ್ಣದ ಮೇಲೆ ಸಣ್ಣಗೆ ಗೆರೆಯೆಳೆದು, ಬಿಸಿಲಿಗೆ ಮೇಲಿನಿಂದ ಆರುತ್ತ ಬರುತ್ತಿತ್ತು.