ಮಧ್ಯಾಹ್ನದಿಂದ ಮಾತಿಲ್ಲ

ಮಹ್ರೂಸನ ಬಾಯಿ ಎಂಥದ್ದೆಂದು ಮನ್ಸೂರಾದ ಆ ಓಣಿಗೆಲ್ಲ ಗೊತ್ತಿತ್ತು. ರಮ್ಜಾನ್ ಬಂತೆಂದರೆ ಹಗಲೆಲ್ಲ ಸಿಗರೇಟಿಲ್ಲದೆ ಅದು ಇನ್ನಷ್ಟು ಕೆಡುತ್ತಿತ್ತು. ಆ ದಿನ ಮಧ್ಯಾಹ್ನದ ನಮಾಜು ಮುಗಿಸಿ ಬಂದವನೇ ಹಿಂದಿನ ರಾತ್ರಿಯ ಸೊಪ್ಪಿನ ಸಾರಿನ ಮಾತು ತೆಗೆದ.

"ತಮ್ಮನ ಮುಂದೆ ಮಾನ ಕಳೆದೆ. ಉಪ್ಪಿನ ಡಬ್ಬಿನೇ ಬಗ್ಗಿಸಿದ್ಯಲ್ಲ ಪಾತ್ರೆಗೆ."

"ಉಪವಾಸ ಇಟ್ಕೊಂಡು ರುಚಿ ನೋಡೋಕಾಗುತ್ತಾ? ನಾಳೆಯಿಂದ ನೀವೇ ಮಾಡಿ," ಎಂದಳು ಹೆಂಡತಿ ಇನ್ಶಿರಾಹ್. ಇಂಥ ಗಂಡನ ಜೊತೆ ಬಾಳಿ ಬಾಳಿ ಅವಳ ನಾಲಿಗೆಯೂ ಸಾಣೆ ಹಿಡಿದಿತ್ತು.

"ನಾನು ಉಪವಾಸ ಇದ್ದೀನಿ," ಎಂದು ಮಹ್ರೂಸ್ ಸೋಫಾದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಉಪವಾಸಿ ಹಾಗೆಂದರೆ ಜಗಳ ಅಲ್ಲಿಗೆ ಮುಗಿಯಬೇಕು. ಆಮೇಲೂ ಕೆಣಕುವುದು ಪಾಪ.

ಅವಳು ಕೆಣಕಿದಳು. ಇಡೀ ಮಧ್ಯಾಹ್ನ ಅಡುಗೆಮನೆಯಿಂದಲೇ ಅವನ ಬೆನ್ನಿಗೆ ಹಳೆಯದನ್ನೆಲ್ಲ ಎತ್ತಿ ಆಡಿದಳು. ಅವನು ತುಟಿ ಪಿಟಕ್ಕೆನ್ನಲಿಲ್ಲ. ಅವನ ಕೈಲಿದ್ದ ಜಪಮಣಿ ನೆಲಕ್ಕೆ ಬಿದ್ದಾಗ ಸಿಟ್ಟಿಗೆ ಎಸೆದನೆಂದುಕೊಂಡಳು. ಒಮ್ಮೆ ಏನೋ ಗೊಣಗಿದ. "ಹೇಳೋದಿದ್ರೆ ಬಿಡಿಸಿ ಹೇಳಿ," ಎಂದಳು. ನಿಜ ಹೇಳಬೇಕೆಂದರೆ, ಕೊನೆಗೂ ಗೆದ್ದೆನಲ್ಲ ಎಂದು ಅವಳಿಗೆ ಒಳಗೊಳಗೇ ಖುಷಿಯಾಗಿತ್ತು.

ಸಂಜೆ ಉಪವಾಸ ಬಿಡುವ ಬಾಂಗು ಕೇಳಿಸಿತು. ಅವಳು ಅವನ ಭುಜ ಹಿಡಿದು ತನ್ನ ಕಡೆಗೆ ತಿರುಗಿಸಿ ಬಾಯಿಗೆ ಖರ್ಜೂರ ಇಟ್ಟರೆ ಅದು ಬಲಗಡೆಯಿಂದ ಜಾರಿ ಎದೆಯ ಮೇಲೆ ಬಿತ್ತು. ಬಾಯಿ ಸೊಟ್ಟಗಾಗಿತ್ತು. ಬಲಗೈ ಎತ್ತಿ ಬಿಟ್ಟರೆ ಧೊಪ್ಪನೆ ಬೀಳುತ್ತಿತ್ತು.

ಊಟಕ್ಕೆ ಬಂದಿದ್ದ ಮೈದುನ ಸಬ್ರಿ ಅಣ್ಣನನ್ನು ಕಾರಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿಸಿದ. ಊರೆಲ್ಲ ಊಟಕ್ಕೆ ಕೂತಿತ್ತು, ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ.

"ಅತ್ತಿಗೆ, ಯಾವಾಗಿಂದ ಹೀಗಾಯ್ತು ಅಂತ ಕೇಳ್ತಾರೆ. ಈಗ ತಾನೇ, ಖರ್ಜೂರ ತಿನ್ನುವಾಗ ಅನ್ನಿ. ಹೊತ್ತು ಮೀರಿದೆ ಅಂದ್ರೆ ಮುಟ್ಟೋದೇ ಇಲ್ಲ. ನಮ್ಮ ಮಾವನ್ನ ಹಾಗೇ ವಾಪಸ್ ಕಳಿಸಿದ್ರು."

ಅವಳು ಹಾಗೇ ಅಂದಳು. ತಲೆಯ ಸ್ಕ್ಯಾನ್ ನೋಡಿ ಬಂದ ಡಾಕ್ಟರ್ ರಬಾಬ್ ಅವಳ ಮುಂದೆ ನಿಂತಳು.

"ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕೊಂಡಿದೆ. ಕರಗಿಸೋಕೆ ಇಂಜೆಕ್ಷನ್ ಕೊಡ್ತೀವಿ. ಆದ್ರೆ ಹೊತ್ತಾಗಿದ್ರೆ ಅದೇ ಇಂಜೆಕ್ಷನ್‌ನಿಂದ ಮೆದುಳಲ್ಲಿ ರಕ್ತ ಸೋರಬಹುದು. ಈಗ ತಾನೇ ಆಗಿದ್ದು, ಖಂಡಿತ ತಾನೇ ಅಮ್ಮಾ?"

ಸಬ್ರಿ ಮೊಣಕೈ ತಿವಿದ.

"ಖಂಡಿತ," ಎಂದಳು.

ನರ್ಸ್ ಸಿರಿಂಜು ಹಿಡಿದು ಅವನ ತೋಳಿನ ಕಡೆ ಬಾಗಿದಳು. ಹೇಳಿದರೆ ಹೊರಗೆ ಹಾಕುತ್ತಾರೆ, ಹೇಳದಿದ್ದರೆ ಕೈಯಾರೆ ಕೊಂದಂತೆ. ಇನ್ಶಿರಾಹ್ ಓಡಿಹೋಗಿ ನರ್ಸಿನ ಕೈ ಹಿಡಿದುಕೊಂಡಳು.

"ಬೇಡ. ಮಧ್ಯಾಹ್ನದಿಂದ ಮಾತಾಡಿಲ್ಲ ಇವರು. ಮುನಿಸ್ಕೊಂಡಿದ್ದಾರೆ ಅಂದ್ಕೊಂಡೆ."

"ಮುಗೀತು. ಅಣ್ಣನ್ನ ನೀವೇ ಕೊಂದ್ರಿ ಅತ್ತಿಗೆ," ಎಂದು ಸಬ್ರಿ ತಲೆಗೆ ಕೈಹೊತ್ತು ಕೂತ.

ಡಾಕ್ಟರಿಗೂ ಸಿಟ್ಟು ಬಂದಿತ್ತು. "ಸುಳ್ಳು ಹೇಳಿಸಿದ ನೀನೇ ಕೊಲ್ತಿದ್ದೆ," ಎಂದು ಅವನನ್ನು ಗದರಿ ಇವಳ ಕಡೆ ತಿರುಗಿದಳು. "ತೊಡೆಯ ರಕ್ತನಾಳದಿಂದ ತಂತಿ ಕಳಿಸಿ ಹೆಪ್ಪನ್ನ ಎಳೆದು ತೆಗೀಬಹುದು. ಮೆದುಳು ಎಷ್ಟು ಉಳಿದಿದೆ ಅಂತ ಇನ್ನೊಂದು ಸ್ಕ್ಯಾನ್ ನೋಡ್ಬೇಕು. ಏನೂ ಉಳಿದಿಲ್ಲ ಅಂದ್ರೆ ನನ್ನ ಕೈಲೂ ಏನೂ ಆಗಲ್ಲ."

ಅಷ್ಟಿಷ್ಟು ಉಳಿದಿತ್ತು. ಅವನನ್ನು ಒಳಗೆ ಒಯ್ದರು. ಇನ್ಶಿರಾಹ್ ಬಾಗಿಲ ಬಳಿ ನೆಲದ ಮೇಲೆ ಕೂತು, ನನ್ನ ನಾಲಿಗೆ ತಗೋ, ಅವರದ್ದು ಬಿಟ್ಟುಬಿಡು ಎಂದು ದೇವರಿಗೆ ಗೋಗರೆದಳು. ಬೇರೆ ಪ್ರಾರ್ಥನೆ ಒಂದೂ ನೆನಪಾಗಲಿಲ್ಲ.

ಬಹಳ ಹೊತ್ತಿನ ಮೇಲೆ ಡಾಕ್ಟರ್ ಹೊರಬಂದಳು. "ಎರಡು ಸಲ ಎಳೆದ್ರೂ ಬರ್ಲಿಲ್ಲ, ಮೂರನೇ ಸಲ ಬಂತು. ಅಕ್ಕಿಕಾಳಿನಷ್ಟು ಹೆಪ್ಪು. ಜೀವ ಉಳಿಯುತ್ತೆ ಅನ್ಸುತ್ತೆ. ಮಾತಿನ ಜಾಗ ಮಾತ್ರ ನಾವು ಮುಟ್ಟೋಕೆ ಮೊದಲೇ ಸತ್ತಿತ್ತು."

"ಮಧ್ಯಾಹ್ನವೇ ಕರ್ಕೊಂಡು ಬಂದಿದ್ರೆ?"

"ಈಗ ಅದೆಲ್ಲ ಯಾಕಮ್ಮ."

"ಹೇಳಿ."

"ಮಾತಾಡ್ತಿದ್ರೇನೋ," ಎಂದು ಡಾಕ್ಟರ್ ಮುಖ ತಿರುಗಿಸಿದಳು.

ಬೆಳಿಗ್ಗೆ ಒಳಗೆ ಬಿಟ್ಟರು. ಮಹ್ರೂಸ್ ಹೆಂಡತಿಯನ್ನು ಕಂಡವನೇ ಎಡಗೈಯಿಂದ ಅವಳ ತೋಳು ಬಿಗಿಯಾಗಿ ಹಿಡಿದು ಬಾಯಿ ತೆರೆದ. "ಬಾ... ಬಾ... ಬಾ..." ಮತ್ತೇನೂ ಬರಲಿಲ್ಲ. ಅದನ್ನೇ ಮತ್ತೆ ಮತ್ತೆ, ಬೆವರುತ್ತ ಹೇಳಿದ.

ಅವಳು ಅವನ ಬಾಯಿಗೆ ಕಿವಿಯಿಟ್ಟಳು. "ನನ್ನ ಬೈತಿದ್ದೀರಾ?"

ಹೌದೆಂದು ತಲೆಯಾಡಿಸಿದ.

"ಕ್ಷಮಿಸಿದ್ದೀರಾ?"

ಅದಕ್ಕೂ ತಲೆಯಾಡಿಸಿದ.