ಸಂಬಂಧ ಮುರಿದ ಮೇಲೆ ಬೀಗಿತ್ತಿಯರು

ಟರ್ಕಿಯ ಕಡಲ ದಂಡೆಯ ಬೆಲೆಕ್‌ನ ಆ ರೆಸಾರ್ಟಿಗೆ ಕಾಲಿಟ್ಟ ಕೂಡಲೇ ರಿಸೆಪ್ಷನ್ನಿನ ಹುಡುಗಿ ಹೇಳಿದಳು: "ನಿಮ್ಮ ಜೊತೆಯವರು ಬೆಳಿಗ್ಗೇನೇ ಬಂದ್ರಮ್ಮಾ. ಕೋಣೇಲಿದಾರೆ."

ಪೆರಿಹಾನ್‌ಗೆ ಜೊತೆಯವರು ಯಾರೂ ಇರಲಿಲ್ಲ. ಎಸ್ಕಿಶೆಹಿರ್‌ನಿಂದ ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ಕೋಣೆಯ ಬಾಗಿಲು ತೆರೆದಾಗ ಕಿಟಕಿ ಪಕ್ಕದ ಮಂಚದ ಮೇಲೆ ಕಾಲು ಚಾಚಿ ಟ್ಯಾಂಜರೀನ್ ಹಣ್ಣು ಸುಲಿಯುತ್ತಿದ್ದವಳು ಸಾಬಿಹಾ. ಜೂನ್ ತಿಂಗಳ ತನಕ ಪೆರಿಹಾನ್‌ಗೆ ಬೀಗಿತ್ತಿಯಾಗಿದ್ದವಳು.

ಕಳೆದ ವರ್ಷ ಪೆರಿಹಾನಳ ಮಗ ಒಕ್ತಾಯ್, ಸಾಬಿಹಾಳ ಮಗಳು ನಿಲಾಯ್ ಸೇರಿ ಇಬ್ಬರು ತಾಯಂದಿರಿಗೂ ಉಡುಗೊರೆಯಾಗಿ ಇಲ್ಲಿ ಒಂದೇ ಕೋಣೆಯಲ್ಲಿ ಒಂದು ವಾರದ ವಾಸ್ತವ್ಯ ಕಾದಿರಿಸಿದ್ದರು. ವಸಂತಕ್ಕೆ ಹೊರಡಬೇಕಿದ್ದದ್ದು ಪೆರಿಹಾನ್‌ಗೆ ಮೈ ಸರಿಯಿಲ್ಲವೆಂದು ನವೆಂಬರ್‌ಗೆ ಮುಂದೆ ಹೋಯಿತು. ಅಷ್ಟರಲ್ಲಿ ಗಂಡ ಹೆಂಡತಿ ಬೇರೆಯಾದರು. ಮಕ್ಕಳು ಈ ಕಾದಿರಿಸಿದ್ದನ್ನು ಮರೆತೇ ಬಿಟ್ಟರು. ತಾಯಂದಿರು ಮರೆಯಲಿಲ್ಲ, ಇನ್ನೊಬ್ಬಳು ಯಾವ ಮುಖ ಹೊತ್ತು ಬಂದಾಳು ಎಂದುಕೊಂಡು ಇಬ್ಬರೂ ಹೊರಟು ಬಂದರು.

"ನೀವು ಬರಲ್ಲ ಅಂದ್ಕೊಂಡಿದ್ದೆ," ಎಂದಳು ಪೆರಿಹಾನ್.

"ನಾನೂ ಹಾಗೇ ಅಂದ್ಕೊಂಡಿದ್ದೆ. ಬಾಗಿಲು ಹಾಕಿ, ಗಾಳಿ ಬರ್ತಿದೆ."

ಗಾಲ್ಫ್ ಪಂದ್ಯಕ್ಕೆಂದು ಜರ್ಮನಿಯವರು ತುಂಬಿದ್ದರಿಂದ ಬೇರೆ ಕೋಣೆ ಸಿಗಲಿಲ್ಲ. ಇಬ್ಬರಲ್ಲಿ ಒಬ್ಬಳೂ ವಾಪಸು ಹೋಗಲು ಒಪ್ಪಲಿಲ್ಲ.

ಪೆರಿಹಾನ್ ಭೂಗೋಳ ಕಲಿಸಿ ನಿವೃತ್ತಳಾದವಳು. ಮಾತನ್ನು ತೂಗಿ ಆಡುವವಳು. ಕೈಸೇರಿಯ ಸಾಬಿಹಾ ಗಂಡನ ಜೊತೆ, ಅವನು ಹೋದ ಮೇಲೆ ಒಬ್ಬಳೇ, ಬೇಕರಿ ನಡೆಸಿದವಳು. ಬಿಸಿ ಒಲೆಯ ಮುಂದೆ ನಿಂತು ಕೂಗಿ ಕೂಗಿ ಅವಳಿಗೆ ಮೆಲ್ಲಗೆ ಮಾತಾಡುವುದೇ ಮರೆತಿತ್ತು. ಮಾರನೆಯ ಬೆಳಿಗ್ಗೆ ತಿಂಡಿಯ ಹಾಲಿನಲ್ಲಿ ತಟ್ಟೆಯ ತುಂಬ ಆಲಿವ್ ಹಾಕಿಕೊಂಡು, ಚಹಾದ ಲೋಟದೊಳಗೆ ತೇಲುತ್ತಿದ್ದ ಚಹಾಪುಡಿಯ ಪೊಟ್ಟಣವನ್ನು ದಾರ ಹಿಡಿದು ಎತ್ತಿದಳು.

"ಇದೇನ್ರೀ, ಸತ್ತ ಇಲಿ ಬಾಲ ಹಿಡಿದ ಹಾಗೆ?"

ಪೆರಿಹಾನ್‌ಗೆ ನಗು ತಡೆಯಲಾಗಲಿಲ್ಲ. ಆ ಬೆಳಿಗ್ಗೆ ಇಬ್ಬರೂ ಒಪ್ಪಿದ್ದು ಅದೊಂದೇ ವಿಷಯಕ್ಕೆ. ಚಹಾ ಮುಗಿಯುವ ಮುಂಚೆ ಮಾತು ಮಕ್ಕಳ ಕಡೆ ತಿರುಗಿತು.

"ನಿಮ್ಮ ಮಗ ಮನೇಲಿ ತುಟಿ ಬಿಚ್ಚಲ್ಲ ಅಂತಿದ್ಲು ನನ್ನ ಮಗಳು. ಗೋಡೆ ಜೊತೆ ಎಷ್ಟು ದಿನ ಸಂಸಾರ ಮಾಡೋಕಾಗುತ್ತೆ?"

"ಗೋಡೆಗೂ ಮಾತಾಡೋಕೆ ಒಂದು ಅವಕಾಶ ಕೊಡಬೇಕಲ್ಲ," ಎಂದಳು ಪೆರಿಹಾನ್.

"ಓಹೋ, ನಂದು ಮಾತು ಜಾಸ್ತಿ ಅಂತ ತಾನೆ?"

"ನಿಮ್ಮ ಬಗ್ಗೆ ಹೇಳ್ಲಿಲ್ಲ."

"ಹೇಳಿ, ಹೇಳಿ. ಈಗ ಬೀಗರ ಮುಲಾಜೂ ಇಲ್ಲ."

ಮರುದಿನ ಹೊಸಬರಿಗೆ ಗಾಲ್ಫ್ ಹೇಳಿಕೊಡುವುದಿತ್ತು. ಅದೂ ಉಡುಗೊರೆಯ ಭಾಗವೇ. ಪೈನ್ ಮರಗಳ ಆಚೆ ಸಮುದ್ರ ಮಿನುಗುತ್ತಿತ್ತು. ಹುಲ್ಲು ಕಂಬಳಿಯಷ್ಟು ನಯವಾಗಿತ್ತು. ಫೆರಿತ್ ಎಂಬ ಶಿಕ್ಷಕ ಕೋಲು ಹಿಡಿಯುವುದನ್ನು ತೋರಿಸಿದ. ಸಾಬಿಹಾ ಮೊದಲ ಏಟಿಗೇ ನೆಲವನ್ನು ಅಗೆದಳು. "ಆಲೂಗಡ್ಡೆ ಸಿಕ್ಕಿತಾ?" ಎಂದ ಪೆರಿಹಾನಳ ಮಾತಿಗೆ ಸಿಟ್ಟು ಬಂದು, ಮುಂದಿನ ಏಟಿಗೆ ಚೆಂಡನ್ನು ಎಷ್ಟು ದೂರ ಅಟ್ಟಿದಳೆಂದರೆ ಪಕ್ಕದಲ್ಲಿದ್ದ ಜರ್ಮನ್ ಮುದುಕನೊಬ್ಬ ಟೊಪ್ಪಿಗೆ ಎತ್ತಿದ.

"ಈಗ ನೀವು," ಎಂದು ಕೋಲು ಚಾಚಿದಳು.

ಪೆರಿಹಾನ್ ಕೋಲನ್ನು ಎದೆಮಟ್ಟಕ್ಕೆ ಎತ್ತುವಷ್ಟರಲ್ಲಿ ಅವಳ ಬಲಗೈ ನಿಂತಿತು. ಮುಖ ಬಿಳಿಚಿತು. ಕೋಲನ್ನು ಶಿಕ್ಷಕನ ಕೈಗಿತ್ತು, "ಭುಜ ಹಿಡ್ಕೊಂಡಿದೆ" ಎಂದು ಬೆಂಚಿನ ಮೇಲೆ ಕುಳಿತಳು. ಸಾಬಿಹಾ ಅವಳನ್ನೇ ನೋಡುತ್ತ ತನ್ನ ನೀರಿನ ಬಾಟಲಿಯನ್ನು ಅವಳ ಪಕ್ಕ ಇಟ್ಟಳು. ಅದರಿಂದ ಪೆರಿಹಾನ್‌ಗೆ ಇನ್ನಷ್ಟು ಕಸಿವಿಸಿಯಾಯಿತು.

ಅದೇ ಮಧ್ಯಾಹ್ನ ಸಾಬಿಹಾ ರೆಸಾರ್ಟಿನ ಹಮ್ಮಾಮಿಗೆ, ಮೈ ಉಜ್ಜಿಸಿಕೊಳ್ಳುವ ಬಿಸಿನೀರ ಸ್ನಾನದ ಮನೆಗೆ, ಹೋಗಿ ಅರ್ಧಕ್ಕೇ ಎದ್ದು ಬಂದಳು.

"ಮೈ ಉಜ್ಜೋದು ಅಂದ್ರೆ ಏನು ಅಂತಾನೇ ಗೊತ್ತಿಲ್ಲ ಅಲ್ಲಿರೋ ಹುಡುಗೀಗೆ. ಮೇಣದಬತ್ತಿ ಹಚ್ಚಿಟ್ಟು, ಕೂಸಿನ ಕೆನ್ನೆ ಸವರಿದ ಹಾಗೆ ಸವರ್ತಾಳೆ. ಒಂದು ಎಳೆ ಕೊಳೆ ಎದ್ದಿಲ್ಲ. ನಡೀರಿ, ನಾವಿಬ್ರೇ ಹೋಗೋಣ. ನೀವು ನನ್ನ ಬೆನ್ನು ಉಜ್ಜಿ, ನಾನು ನಿಮ್ಮದು."

"ನಾನು ಬರಲ್ಲ."

"ಯಾಕೆ? ಸಂಬಂಧ ಮುರಿದ ಬೀಗಿತ್ತಿ ಕೈ ತಾಗಬಾರದಾ?"

ಪೆರಿಹಾನ್ ಕಿಟಕಿಯ ಹೊರಗೆ ನೋಡಿದಳು. ಯಾರೋ ಚೆಂಡಿನ ಹಿಂದೆ ನಿಧಾನವಾಗಿ ನಡೆದು ಹೋಗುತ್ತಿದ್ದರು. ಹೇಳುವ ಉದ್ದೇಶವಿರಲಿಲ್ಲ, ಆದರೂ ಬಾಯಿಗೆ ಬಂತು.

"ಬಲಗಡೆ ಮೊಲೆ ತೆಗೆದುಬಿಟ್ಟಿದ್ದಾರೆ, ಸಾಬಿಹಾ. ಕ್ಯಾನ್ಸರ್. ಫೆಬ್ರವರಿಯಲ್ಲಿ."

ಸಾಬಿಹಾ ಮಂಚದ ಅಂಚಿಗೆ ಕುಸಿದಳು. "ಸೊಂಟನೋವು ಅಂದಿದ್ರಲ್ಲ."

"ಎಲ್ಲರಿಗೂ ಹಾಗೇ ಅಂದೆ. ಒಕ್ತಾಯ್‌ಗೂ. ಅವನಪ್ಪ ಇದೇ ಕಾಯಿಲೇಲಿ ಹೋದಾಗ ಅವನಿನ್ನೂ ಶಾಲೆಯಲ್ಲಿದ್ದ. ಅವತ್ತಿನಿಂದಲೇ ಅವನು ಮಾತು ಕಮ್ಮಿ ಮಾಡಿದ್ದು. ಇನ್ನೊಂದು ಸಲ ಅವನಿಗೆ ಅದನ್ನ ಹೇಗೆ ಹೇಳಲಿ?"

"ಆಸ್ಪತ್ರೇಲಿ ಯಾರಿದ್ರು?"

"ನಿಮ್ಮ ಮಗಳು."

ಸಾಬಿಹಾ ತಲೆ ಎತ್ತಿದಳು.

"ಜನವರಿಯಲ್ಲಿ ಒಂದಿನ ಬಂದ್ಲು," ಎಂದಳು ಪೆರಿಹಾನ್. "ಮುಖ ಊದಿತ್ತು, ಅತ್ತೆ ನಿಮ್ಮ ಹತ್ರ ಮಾತಾಡಬೇಕು ಅಂದ್ಲು. ನನಗೆ ಆವತ್ತೇ ಬೆಳಿಗ್ಗೆ ಡಾಕ್ಟರು ಹೇಳಿದ್ರು. ಅವಳು ಬಾಯಿ ತೆರೆಯೋ ಮುಂಚೆ ನಾನೇ ಹೇಳ್ಕೊಂಡು ಅತ್ತುಬಿಟ್ಟೆ. ಅವಳು ಬಂದ ಕೆಲಸ ಹೇಳಲೇ ಇಲ್ಲ. ಆಮೇಲೆ ಪ್ರತಿ ಸಲ ಔಷಧಿ ಏರಿಸುವಾಗಲೂ ಬಂದ್ಲು, ಸ್ನಾನ ಮಾಡಿಸಿದ್ಲು. ಒಕ್ತಾಯ್‌ಗೂ, ಬೇರೆ ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದೆ. ಆವತ್ತು ಅವಳು ಬಂದಿದ್ದು ಬೇರೆಯಾಗ್ತೀವಿ ಅಂತ ಹೇಳೋಕೆ ಅಂತ ನನಗೆ ಗೊತ್ತಾಗಿದ್ದು ಜೂನ್‌ನಲ್ಲಿ, ಚಿಕಿತ್ಸೆ ಮುಗಿದ ಮೇಲೆ."

ಸಾಬಿಹಾ ಬೆರಳು ಮಡಿಸಿ ತಿಂಗಳು ಎಣಿಸಿದಳು. ಹೊಸ ವರ್ಷದ ದಿನವೇ ಮಗಳು ತನಗೆ ಫೋನು ಮಾಡಿ, ಇನ್ನು ಆಗಲ್ಲಮ್ಮ, ಬಿಡ್ತೀನಿ ಎಂದಿದ್ದಳು. ಆಮೇಲೆ ತಿಂಗಳ ಮೇಲೆ ತಿಂಗಳು ಸುಮ್ಮನಿದ್ದಳು. ಮನಸ್ಸು ತಿರುಗಿತು, ಮನೆ ಉಳಿಯಿತು ಎಂದು ಸಾಬಿಹಾ ಹರಕೆ ತೀರಿಸಿದ್ದಳು, ಕುರಿ ಕೊಯ್ಯಿಸಿ ನೆರೆಮನೆಗಳಿಗೆ ಹಂಚಿದ್ದಳು. ಜೂನ್‌ನಲ್ಲಿ ಕೊನೆಗೂ ಮುರಿದಾಗ, "ಇಷ್ಟು ದಿನ ನನಗೆ ಆಸೆ ಹುಟ್ಟಿಸಿ ಆಟ ಆಡಿದೆಯಾ?" ಎಂದು ಮಗಳ ಮೇಲೆ ಹರಿಹಾಯ್ದಿದ್ದಳು. ಅದಾದ ಮೇಲೆ ತಾಯಿ ಮಗಳ ನಡುವೆ ಮಾತು ಹಬ್ಬಕ್ಕೆ ಶುಭಾಶಯ ಹೇಳುವಷ್ಟಕ್ಕೆ ಬಂದು ನಿಂತಿತ್ತು.

"ನನಗೂ ಹೇಳ್ಲಿಲ್ಲವಲ್ಲ ಅವಳು," ಎಂದಳು ಕೊನೆಗೆ. ಹೊಟ್ಟೆಯುರಿಯೋ ಹೆಮ್ಮೆಯೋ ಅವಳಿಗೇ ತಿಳಿಯದ ದನಿ. "ಹೆತ್ತವಳಿಗೂ ಹೇಳ್ಲಿಲ್ಲ."

"ನಾನು ಹಾಕಿಸಿದ ಆಣೆ."

"ನೀವು ಹಾಕಿಸಿದ್ರಿ, ಸರಿ. ಉಳಿಸ್ಕೊಂಡವಳು ಅವಳು." ಸಾಬಿಹಾ ಎದ್ದು ಕಣ್ಣೊರೆಸಿಕೊಂಡಳು. "ಏಳಿ. ಆ ಹುಡುಗಿಯನ್ನ ಆಚೆ ಕಳಿಸಿ ಬಾಗಿಲು ಹಾಕ್ತೀನಿ."

ಹಮ್ಮಾಮಿನಲ್ಲಿ ಬಿಸಿ ಅಮೃತಶಿಲೆಯ ಕಟ್ಟೆಯ ಮೇಲೆ ಪೆರಿಹಾನ್ ಟವೆಲ್ಲು ಬಿಗಿಹಿಡಿದು ಕುಳಿತಳು. ಸಾಬಿಹಾ ಅವಸರ ಮಾಡಲಿಲ್ಲ. ಹಿತ್ತಾಳೆಯ ಬಟ್ಟಲಿನಲ್ಲಿ ನೀರು ಮೊಗೆದು ಮೊದಲು ಅವಳ ಪಾದಕ್ಕೆ, ಆಮೇಲೆ ಮಂಡಿಗೆ, ಬೆನ್ನಿಗೆ ಹುಯ್ದಳು. ಟವೆಲ್ಲು ತಾನಾಗಿ ಸಡಿಲವಾಯಿತು. ಸಾಬಿಹಾ ಗಾಯದ ಗೆರೆಯನ್ನು ಮುಖ ತಿರುಗಿಸದೆ ನೋಡಿದಳು.

"ಹೊಲಿಗೆ ನೀಟಾಗಿದೆ," ಎಂದಳು.

"ಅದೊಂದೇ ಸಮಾಧಾನ."

ಆಮೇಲೆ ಮೈ ಉಜ್ಜುವ ಒರಟು ಕೈಗವಸು ತೊಟ್ಟು, ನಾದುವ ಹಿಟ್ಟನ್ನು ಅದುಮುವ ಹಾಗೆ ಪೆರಿಹಾನಳ ಬೆನ್ನನ್ನು ಉಜ್ಜತೊಡಗಿದಳು. ಬಲಭುಜದ ಹತ್ತಿರ ಬಂದಾಗ ಮಾತ್ರ ಕೈ ಹಗುರವಾಯಿತು. ಪೆರಿಹಾನ್ ಕಣ್ಣು ಮುಚ್ಚಿದಳು. ತನ್ನ ಮೈಯನ್ನು ಕನ್ನಡಿಯಲ್ಲೂ ನೋಡಿಕೊಳ್ಳದೆ ತಿಂಗಳುಗಳಾಗಿದ್ದವು. ಈಗ ಅದು ಬರೀ ಮೈ, ತೊಳೆಯಬೇಕಾದ ಮೈ.

"ಒಕ್ತಾಯ್‌ಗೆ ಹೇಳಿ," ಎಂದಳು ಸಾಬಿಹಾ ಹಿಂದಿನಿಂದ. "ಅವನು ಒಡೆದು ಹೋಗಲ್ಲ. ಹೋದ್ರೆ ಹೋಗಲಿ, ಅಳಲಿ. ಗಂಡಸರಿಗೂ ಕಣ್ಣಿದೆ."

ಮರುದಿನ ಸಂಜೆ ಪೆರಿಹಾನ್ ಮಗನಿಗೆ ಫೋನು ಮಾಡಿದಳು. ಅವನು ಎಲ್ಲ ಕೇಳಿದ. "ನಿಲಾಯ್‌ಗೆ ಗೊತ್ತಿತ್ತಾ?" ಎಂದ.

"ಗೊತ್ತಿತ್ತು."

"ನನ್ನೊಬ್ಬನ್ನೇ ಹೊರಗಿಟ್ರಿ," ಎಂದು ಫೋನು ಇಟ್ಟ. ಸಿಟ್ಟಾಗಿದ್ದ, ಸಿಟ್ಟಾಗಲು ಅವನಿಗೆ ಕಾರಣವಿತ್ತು. ಪೆರಿಹಾನ್ ಬಾಲ್ಕನಿಯಲ್ಲೇ ಕುಳಿತಳು. ಸಾಬಿಹಾ ಅವಳ ಹೆಗಲಿಗೆ ಶಾಲು ಹೊದಿಸಿ, ತನ್ನ ಫೋನು ಹಿಡಿದು ಇನ್ನೊಂದು ಮೂಲೆಗೆ ಹೋದಳು. "ನಾನು ಕಣೇ, ಅಮ್ಮ," ಎಂದದ್ದಷ್ಟೇ ಪೆರಿಹಾನ್‌ಗೆ ಕೇಳಿಸಿತು. ಆ ಮೇಲಿನ ಮಾತುಗಳನ್ನು ಸಾಬಿಹಾ, ಜೀವಮಾನದಲ್ಲಿ ಮೊದಲ ಸಲವೇನೋ, ಮೆಲ್ಲಗೆ ಆಡಿದಳು.

ಮುರಿದ ಮದುವೆ ಕೂಡಲಿಲ್ಲ. ನಿಲಾಯ್ ಇಜ್ಮಿರ್‌ನಲ್ಲಿ ಕೆಲಸ ಹಿಡಿದಳು. ಒಕ್ತಾಯ್ ಕೆಲವು ವಾರ ಮುನಿಸಿಕೊಂಡಿದ್ದು, ಆಮೇಲೆ ಪ್ರತಿ ಭಾನುವಾರ ತಾಯಿಯ ಮನೆಗೆ ಬರತೊಡಗಿದ. ಒಮ್ಮೆ ಸೂಪು ಮಾಡಲು ಹೋಗಿ ಪಾತ್ರೆ ಸುಟ್ಟ. ಆವತ್ತು ಅದನ್ನು ತಿಕ್ಕುತ್ತಾ ತಂದೆಯ ಕೊನೆಯ ದಿನಗಳ ಬಗ್ಗೆ ತಾನಾಗಿ ಮಾತೆತ್ತಿದ.

ವಸಂತದಲ್ಲಿ ಸಾಬಿಹಾ ಕೈಸೇರಿಯಿಂದ ರೈಲು ಹತ್ತಿ ಎಸ್ಕಿಶೆಹಿರ್‌ಗೆ ಬಂದಳು. ಎರಡು ದಿನಕ್ಕೆಂದು ಬಂದವಳು ಹೊರಡುವ ಮಾತೇ ಎತ್ತಲಿಲ್ಲ. ಒಂದು ಬೆಳಿಗ್ಗೆ ಇಬ್ಬರೂ ಅಡುಗೆಮನೆಯಲ್ಲಿ ಕುಳಿತು ಬಟಾಣಿ ಬಿಡಿಸುತ್ತಿದ್ದಾಗ ಫೋನು ಬಂತು. ಸಾಬಿಹಾ ಒದ್ದೆ ಕೈಯಲ್ಲೇ ಅದನ್ನು ಪೆರಿಹಾನಳ ಕಿವಿಗೆ ಹಿಡಿದಳು.

"ಅತ್ತೆ," ಎಂದಿತು ಆ ಕಡೆಯ ದನಿ, ಸ್ವಲ್ಪ ಹಿಂಜರಿದು. "ಏನು ಅಡುಗೆ ಇವತ್ತು?"

"ಬಟಾಣಿ," ಎಂದಳು ಪೆರಿಹಾನ್. "ನಿಮ್ಮಮ್ಮ ಬಿಡಿಸೋದಕ್ಕಿಂತ ತಿನ್ನೋದೇ ಜಾಸ್ತಿ."