ಸೇತುವೆ ಹತ್ತಿರ ಕಾಯುತ್ತಿದ್ದಾರೆ

ನಿಮ್ಮ ಬೀದಿಯಲ್ಲೂ ಹೀಗೇ ಇರಬಹುದು. ಬಸ್ಸಿನ ಸೀಟಿನಲ್ಲಿ, ಅಂಗಡಿ ಕಟ್ಟೆಯ ಮೇಲೆ, ಒಲೆಯ ಮುಂದೆ, ಎಲ್ಲರ ಕೈಯಲ್ಲೂ ಫೋನು. ಫೋನಿನೊಳಗೆ ದಾಳದ ಆಟ.

ಇಸ್ತ್ರಿ ಅಂಗಡಿಯಾಕೆಗೆ ಈ ಆಟ ಕಲಿಸಿದ್ದು ಅವಳ ಅಕ್ಕ. ದಾಳ ಉರುಳಿಸಿದರೆ ಕಾಯಿ ಮನೆಯಿಂದ ಮನೆಗೆ ನಡೆಯುತ್ತದೆ. ಆಗಾಗ ಒಂದು ಇವೆಂಟ್ ಬರುತ್ತದೆ. ಹೇಳಿದ ಹೊತ್ತಿನೊಳಗೆ ಮುಗಿಸಿದರೆ ಬಹುಮಾನ, ತಡವಾದರೆ ಇಲ್ಲ. ಅಕ್ಕನದು ಹಸಿರು ಬೆಕ್ಕಿನ ಕಾಯಿ, ತಂಗಿಯದು ಕೆಂಪು ದೋಣಿ. ಅಕ್ಕನಿಗೆ ಆಟದಲ್ಲಿ 'ದೊಡ್ಡಮ್ಮ' ಅಂತ ಹೆಸರಿಟ್ಟವಳು ತಂಗಿಯ ಪುಟ್ಟ ಮಗಳು. ಇಬ್ಬರೂ ಜೋಡಿಯಾಗಿ ಆಡಿ, ಗೆದ್ದಾಗ ಫೋನಿನಲ್ಲೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆ ಅಕ್ಕ ಜ್ವರ ಬಂದು ಮಲಗಿದವಳು ಮೇಲೇಳಲಿಲ್ಲ. ಮಗುವಿಗೆ ಮಾತ್ರ, "ದೊಡ್ಡಮ್ಮ ದೂರ ಹೋಗಿದಾಳೆ" ಎಂದರು.

ತಂಗಿ ಆಟ ಮುಟ್ಟುವುದನ್ನೇ ಬಿಟ್ಟಳು. ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರದೋ ಅಂಗಿಗೆ ನೀರು ಚಿಮುಕಿಸಿ ಇಸ್ತ್ರಿ ಹಾಕುತ್ತಿದ್ದಳು. ಮೇಜಿನ ಮೇಲಿದ್ದ ಫೋನು ಟಿಣ್ ಎಂದಿತು. ತೆರೆಯ ಮೇಲೆ ಅಕ್ಕನ ನಗುಮುಖ. ಕೆಳಗೆ ಬರೆದಿತ್ತು: 'ದೊಡ್ಡಮ್ಮ ಸೇತುವೆ ಹತ್ತಿರ ನಿಮಗಾಗಿ ಕಾಯುತ್ತಿದ್ದಾರೆ. ಸಮಯ ಮುಗಿಯುವ ಮುನ್ನ ಬನ್ನಿ.'

ಅವಳ ಮೈ ಜುಮ್ಮೆಂದಿತು. ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು ಆಟ ತೆರೆದಳು. ಜೋಡಿಯಾಗಿ ಹೊಳೆಗೆ ಸೇತುವೆ ಕಟ್ಟುವ ಹೊಸ ಇವೆಂಟ್. ಈ ದಡದಿಂದ ಒಬ್ಬರು, ಆ ದಡದಿಂದ ಇನ್ನೊಬ್ಬರು. ಕಾಯಿ ಒಂದು ಮನೆ ನಡೆದರೆ ಸೇತುವೆಗೆ ಒಂದು ಕಲ್ಲು. ಆಚೆ ದಡದಲ್ಲಿ ಹಸಿರು ಬೆಕ್ಕು ಆಗಲೇ ಕಟ್ಟಲು ಶುರು ಮಾಡಿತ್ತು. ಅವಳು ನೋಡುತ್ತಿದ್ದಂತೆ ಅದು ಒಂದು ಮನೆ ಮುಂದೆ ಬಂತು. ನಿಂತಿತು. ಇನ್ನೊಂದು ಮನೆ ಬಂತು. ಬಟ್ಟೆ ಸುಟ್ಟ ವಾಸನೆ ಮೂಗಿಗೆ ಬಡಿದಾಗಲೇ ಅವಳಿಗೆ ಎಚ್ಚರವಾದದ್ದು.

ಸಂಜೆ ಗಂಡ ಡಿಪೋದಲ್ಲಿ ಬಸ್ಸು ಬಿಟ್ಟು ಮನೆಗೆ ಬಂದ.

"ಅಕ್ಕನ ಕಾಯಿ ನಡೀತಿದೆ ಕಣ್ರೀ."

"ನಿನ್ನ ಭಾವ ಆಡ್ತಿರ್ಬೇಕು ಬಿಡೆ."

"ಕೇಳ್ದೆ. ಅಕ್ಕನ ಫೋನನ್ನ ಅವಳು ಹೋದ ದಿನವೇ ಆರಿಸಿ ಬೀರುವಿನಲ್ಲಿ ಇಟ್ಟಿದಾರಂತೆ."

ಗಂಡ ಫೋನು ಇಸಿದುಕೊಂಡು ಹಸಿರು ಬೆಕ್ಕನ್ನು ದಿಟ್ಟಿಸಿದ.

ಅವತ್ತಿನಿಂದ ಅವಳು ಆಡತೊಡಗಿದಳು. ಅಂಗಡಿಯಲ್ಲಿ ಬಟ್ಟೆಯ ರಾಶಿ ಬೆಳೆಯಿತು. ಗಿರಾಕಿಗಳು ಬೈದುಕೊಂಡು ಹೋದರು. ಅವಳು ಒಂದು ಕಲ್ಲು ಇಟ್ಟರೆ ಆಚೆಯಿಂದಲೂ ಒಂದು ಕಲ್ಲು ಬೀಳುತ್ತಿತ್ತು. ಮಗಳು ಅಮ್ಮನ ಭುಜಕ್ಕೆ ಗಲ್ಲ ಊರಿ ನೋಡುತ್ತಿದ್ದಳು; ಬಂದ ಸಂದೇಶವನ್ನು ಅಮ್ಮ ಗಟ್ಟಿಯಾಗಿ ಓದಿದರೆ ಕೇಳಿಸಿಕೊಳ್ಳುತ್ತಿದ್ದಳು.

"ಅಮ್ಮ, ದೊಡ್ಡಮ್ಮ ಎಲ್ಲಿದಾಳೆ?"

"ಸೇತುವೆ ಆಚೆ," ಎಂದಳು ಅಮ್ಮ, ತೆರೆಯಿಂದ ಕಣ್ಣು ಕೀಳದೆ.

ಇವೆಂಟ್ ಮುಗಿಯುವ ದಿನ ಬಂತು. ಇನ್ನು ಸ್ವಲ್ಪವೇ ಬಾಕಿ. ಟಿಣ್. 'ದೊಡ್ಡಮ್ಮ ಇನ್ನೂ ಕಾಯುತ್ತಿದ್ದಾರೆ.' ಟಿಣ್. 'ಬೇಗ ಬನ್ನಿ.' ಅವಳು ತಲೆ ಎತ್ತಿದಾಗ ಹೊತ್ತು ಮುಳುಗುತ್ತಿತ್ತು. ಮನೆಯ ಬಾಗಿಲು ತೆರೆದಿತ್ತು. ಮಗಳ ಚಪ್ಪಲಿ ಇರಲಿಲ್ಲ.

"ಪುಟ್ಟೀ!"

ಹಿತ್ತಲಲ್ಲಿಲ್ಲ, ಬೀದಿಯಲ್ಲಿಲ್ಲ. ಪಕ್ಕದ ಮನೆಯ ನರ್ಸಮ್ಮ ಆಗಷ್ಟೇ ಡ್ಯೂಟಿ ಮುಗಿಸಿ ಬರುತ್ತಿದ್ದರು. "ದೂರದಲ್ಲಿ ಕಾಲುವೆ ಕಡೆ ಒಂದು ಮಗು ಓಡಿದ್ದು ಕಂಡೆ," ಎಂದರು. ಇಬ್ಬರೂ ಎದ್ದುಬಿದ್ದು ಓಡಿದರು.

ಕಾಲುವೆಗೆ ಒಂದು ಹಳೆಯ ಸೇತುವೆ. ಅದರ ಮೋಟು ಗೋಡೆಯ ಮೇಲೆ ಮಗು ಹತ್ತಿ ನಿಂತಿತ್ತು. ಕೆಳಗೆ ಕಪ್ಪು ನೀರು. ನರ್ಸಮ್ಮ ಸದ್ದಾಗದಂತೆ ಹೆಜ್ಜೆ ಇಟ್ಟು ಹೋಗಿ ಮಗುವನ್ನು ಹಿಂದಿನಿಂದ ಬಾಚಿ ಎತ್ತಿಕೊಂಡರು.

"ದೊಡ್ಡಮ್ಮ ಇಲ್ಲೇ ಕಾಯ್ತಿದಾಳಂತೆ ಅಮ್ಮ," ಎಂದಿತು ಮಗು. "ಟೈಮ್ ಮುಗಿದ್ರೆ ಹೋಗ್ಬಿಡ್ತಾಳೆ."

ಮನೆಗೆ ಬಂದಾಗ ಗಂಡನೂ ಕೆಲಸದಿಂದ ಬಂದಿದ್ದ. ನಡೆದದ್ದನ್ನೆಲ್ಲ ಕೇಳಿ ನರ್ಸಮ್ಮ ನಿಟ್ಟುಸಿರು ಬಿಟ್ಟರು.

"ನಿಮ್ಮಕ್ಕನ ಕಣ್ಣು ಮುಚ್ಚಿಸಿದ್ದು ಈ ಕೈಯೇ ಕಣಮ್ಮ."

"ಗೊತ್ತು ನರ್ಸಮ್ಮಾ. ಮತ್ತೆ ಆ ಕಡೆಯಿಂದ ಆಡ್ತಿರೋದು ಯಾರು, ಹೇಳಿ?"

ನರ್ಸಮ್ಮ ತಮ್ಮ ಫೋನು ತೆಗೆದರು. "ನಾನೂ ಒಂದು ಕಾಲದಲ್ಲಿ ಈ ಆಟ ಆಡ್ತಿದ್ದೆ. ನಿಮ್ಮಕ್ಕನ ಜಾಗಕ್ಕೆ ನನ್ನನ್ನ ಜೋಡಿಗೆ ಸೇರಿಸ್ಕೋ." ಅವಳು ಸೇರಿಸಿದಳು. ನರ್ಸಮ್ಮ ತಮ್ಮ ಫೋನನ್ನು ಪೂರ್ತಿ ಆರಿಸಿ ಅವಳ ಗಂಡನ ಕೈಗೆ ಕೊಟ್ಟು, ಕುರ್ಚಿಯಲ್ಲಿ ಕೈಕಟ್ಟಿ ಕುಳಿತರು. "ಈಗ ನೋಡ್ತಾ ಇರಿ."

ಎಲ್ಲರೂ ತಂಗಿಯ ಫೋನಿನ ಮೇಲೆ ಬಗ್ಗಿದರು. ಆಚೆ ದಡದಲ್ಲಿ ನರ್ಸಮ್ಮನ ಕಾಯಿ, ಒಂದು ಹಳದಿ ಕೊಡೆ, ನಿಂತಿತ್ತು. ತುಸು ಹೊತ್ತು ಏನೂ ಇಲ್ಲ. ಆಮೇಲೆ ಅದು ತಾನಾಗಿ ಒಂದು ಮನೆ ಮುಂದೆ ಬಂತು. ಫೋನು ಟಿಣ್ ಎಂದಿತು. 'ನರ್ಸಮ್ಮ ಸೇತುವೆ ಹತ್ತಿರ ನಿಮಗಾಗಿ ಕಾಯುತ್ತಿದ್ದಾರೆ.'

ಎಲ್ಲರೂ ತಲೆ ಎತ್ತಿ ಕುರ್ಚಿಯತ್ತ ನೋಡಿದರು. ಮಗು ನರ್ಸಮ್ಮನ ಕೈ ಮುಟ್ಟಿ ನೋಡಿತು. ಕೈ ಬೆಚ್ಚಗಿತ್ತು.

"ನಾನು ಇಲ್ಲೇ ಇದೀನಲ್ಲ," ಎಂದರು ನರ್ಸಮ್ಮ. ಅವರ ದನಿಯೂ ತಗ್ಗಿತ್ತು. "ಅಲ್ಲಿ ಯಾರೂ ಇಲ್ಲಮ್ಮ. ಆಡದೆ ಬಿಟ್ಟವರ ಕಾಯಿನ ಆ ಆಟವೇ ನಡೆಸುತ್ತೆ. ಬದುಕಿದಾರೋ ಸತ್ತಿದಾರೋ, ಅದಕ್ಕೆ ಗೊತ್ತಿಲ್ಲ. ನಮ್ಮವರ ಮುಖ ತೋರಿಸಿದ್ರೆ ನಾವು ಓಡಿ ಬರ್ತೀವಿ ಅನ್ನೋದಷ್ಟೇ ಗೊತ್ತು."

"ಬಹುಮಾನಕ್ಕೆ ಟೈಮ್ ಇಡೋದು ಯಾಕೆ?" ಗಂಡ ಕೇಳಿದ.

"ಯೋಚನೆ ಮಾಡೋಕೆ ಪುರುಸೊತ್ತು ಸಿಗಬಾರದು ಅಂತ. ಈ ಸೇತುವೆ ಹೋದ್ರೆ ಮುಂದಿನ ವಾರ ಗೋಪುರ ಬರುತ್ತೆ. ಅದಕ್ಕೆ ಕೊನೆ ಅಂತ ಇಲ್ಲ."

ಮಗು ಕೇಳಿತು, "ಹಾಗಾದ್ರೆ ದೊಡ್ಡಮ್ಮ?"

ತಾಯಿ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಳು. "ದೊಡ್ಡಮ್ಮ ಸತ್ತುಹೋದ್ಲು ಕಂದಾ. ಇನ್ನು ಬರಲ್ಲ." ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದವಳು ಬಿಕ್ಕಿ ಬಿಕ್ಕಿ ಅತ್ತಳು. ಮಗುವೂ ಅತ್ತಿತು. ಅವರಿಬ್ಬರೂ ಅಳುತ್ತಿರುವಾಗಲೇ ಇವೆಂಟಿನ ಸಮಯ ಮುಗಿದುಹೋಯಿತು. ಏನೂ ಆಗಲಿಲ್ಲ.

ಮಾರನೆಯ ದಿನ ಅವಳು ಟಿಣ್ ಎನ್ನುವ ಆಟದ ಸೂಚನೆಗಳನ್ನೆಲ್ಲ ನಿಲ್ಲಿಸಿದಳು. ಭಾವ ಬೀರುವಿನಿಂದ ಫೋನು ತೆಗೆದು ಅಕ್ಕನ ಖಾತೆ ಅಳಿಸಲು ಕುಳಿತರು. ತೆರೆಯ ಮೇಲೆ ಬಂತು: 'ದೊಡ್ಡಮ್ಮ, ಹೋಗಬೇಡಿ. ನಾಳೆ ಹೊಸ ಬಹುಮಾನವಿದೆ.' ಭಾವ ಕಣ್ಣು ಒರೆಸಿಕೊಂಡು ಅಳಿಸುವ ಗುಂಡಿ ಒತ್ತಿದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಆಟ ಆಡಬೇಡಿ ಎಂದು ಯಾರೂ ಹೇಳುತ್ತಿಲ್ಲ. ಬೇಸರ ಕಳೆಯಲು ಆಡಿ, ಸಾಕೆನಿಸಿದಾಗ ಮುಚ್ಚಿಡಿ. ಆದರೆ 'ಸಮಯ ಮುಗಿಯುತ್ತಿದೆ' ಎಂದು ಫೋನು ಅವಸರ ಮಾಡಿದರೆ ಅಲ್ಲೇ ಅದನ್ನು ಮಗುಚಿ ಇಡಿ. ಆಟದ ಸೂಚನೆಗಳನ್ನು ಇವತ್ತೇ ನಿಲ್ಲಿಸಿ. ಹೇಗೆಂದು ತಿಳಿಯದಿದ್ದರೆ ತಿಳಿದವರನ್ನು ಕೇಳಿ, ಅದರಲ್ಲಿ ನಾಚಿಕೆಯೇನಿಲ್ಲ. ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅವರ ಆಟದ ಖಾತೆಯನ್ನು ಅಳಿಸಿಬಿಡಿ, ಮಕ್ಕಳಿಗೆ ನಿಜ ಹೇಳಿ. ಈಗ ಒಮ್ಮೆ ತಲೆ ಎತ್ತಿ ನೋಡಿ. ನಿಮ್ಮ ಮಗು ಎಲ್ಲಿದೆ?